ಕಾಡು ಅಷ್ಟು ದಟ್ಟ, ಮಣ್ಣಲ್ಲಿ ಸತ್ವ ಯಾಕಿಲ್ಲ?

ಅಮೆಜಾನ್‌ನಲ್ಲಿ ಅಷ್ಟೊಂದು ಮರಗಳಿದ್ದರೂ, ಕಾಡು ಕಡಿದ ಜಾಗದಲ್ಲಿ ಕೆಲವೇ ವರ್ಷಕ್ಕೆ ಬೆಳೆ ಯಾಕೆ ಸೊರಗುತ್ತದೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಅಲ್ಲಿನ ಸತ್ವ ಹೆಚ್ಚಾಗಿ ಮಣ್ಣಿನಲ್ಲಿಲ್ಲ, ಮರಗಳಲ್ಲೇ ಇದೆ. ಬಿಸಿ, ತೇವ ಎರಡೂ ಜಾಸ್ತಿ ಇರುವುದರಿಂದ ಬಿದ್ದ ಎಲೆ ಬೇಗ ಕೊಳೆಯುತ್ತದೆ. ಆ ಸತ್ವವನ್ನು ಮಳೆ ಕೊಚ್ಚಿಕೊಂಡು ಹೋಗುವ ಮೊದಲೇ ಬೇರುಗಳೂ ಅವಕ್ಕೆ ಅಂಟಿಕೊಂಡ ಶಿಲೀಂಧ್ರಗಳೂ ಹೀರಿ ಮರಕ್ಕೆ ವಾಪಸ್ ಕೊಡುತ್ತವೆ. ಕಾಡು ಸುಟ್ಟರೆ ಬೂದಿಯ ಬಲದಿಂದ ಒಂದೆರಡು ಬೆಳೆ ಚೆನ್ನಾಗಿ ಬರಬಹುದು. ಆಮೇಲೆ ಸತ್ವ ಹಿಡಿದಿಡಲು ಆ ಬೇರುಗಳೇ ಇರುವುದಿಲ್ಲ ಅಲ್ವಾ?

ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು, ಗಿಡಗಳಿಗೆ ಬೇಕಾದ ಸತ್ವಗಳಲ್ಲೊಂದಾದ ರಂಜಕದ (ಫಾಸ್ಫರಸ್) ಕಥೆ. ಮಳೆಯಲ್ಲಿ ಕಳೆದುಹೋಗುವ ರಂಜಕವನ್ನು ತುಂಬಿಕೊಡುವುದರಲ್ಲಿ ಸಹಾರಾ ಮರುಭೂಮಿಗೂ ಪಾಲಿದೆ! ಚಾಡ್ ದೇಶದ ಬೊಡೆಲೆ ತಗ್ಗು ಅಂದರೆ ಬತ್ತಿಹೋದ ಹಳೇ ಸರೋವರದ ತಳ. ಅಲ್ಲಿಂದ ಎದ್ದ ದೂಳು ಅಟ್ಲಾಂಟಿಕ್ ಸಾಗರ ದಾಟಿ ಬರುತ್ತದೆ. ನಾಸಾ ಉಪಗ್ರಹದ ಮಾಹಿತಿ ಬಳಸಿ 2015ರಲ್ಲಿ ಪ್ರಕಟವಾದ ಅಂದಾಜಿನಂತೆ, ಹೀಗೆ ಅಮೆಜಾನ್‌ಗೆ ಸೇರುವ ರಂಜಕ ವರ್ಷಕ್ಕೆ ಸುಮಾರು 22,000 ಟನ್.

ತಂಪು ಹವೆಯ ಹುಲ್ಲುಗಾವಲುಗಳಲ್ಲಿ ಸತ್ವ ಎಲ್ಲಿರುತ್ತದೆ ಅನ್ನುವುದು ಪೂರ್ತಿ ಉಲ್ಟಾ. ಉಕ್ರೇನ್‌ನ ಕಪ್ಪು ಮಣ್ಣನ್ನೇ ನೋಡಿ. ಚಳಿಗೆ ಕೊಳೆಯುವುದು ನಿಧಾನ, ಹುಲ್ಲಿನ ಬೇರುಗಳು ಆಳದಲ್ಲೇ ಸತ್ತು ಮಣ್ಣಿಗೆ ಸೇರುತ್ತವೆ. ಸತ್ವ ನೆಲದೊಳಗೇ ಉಳಿಯುತ್ತದೆ.