ಮನೆಯಲ್ಲಿರುವ ಬೀಟೆ ಹಲಗೆಯಿಂದ ಮುರಿಯದ ಹಾಕಿ ಸ್ಟಿಕ್ ಮಾಡಬಹುದಾ?

ಈ ಸೀಸನ್‌ನಲ್ಲಿ ಎರಡು ಸ್ಟಿಕ್ ಮುರಿದವು, ಮನೆಯಲ್ಲಿ ಬೀಟೆ ಹಲಗೆ ಇದೆ, ಒಳಗೆ ಕಬ್ಬಿಣದ ಸರಳು ಕೂರಿಸಿ ನಾನೇ ಒಂದು ಗಟ್ಟಿ ಸ್ಟಿಕ್ ಮಾಡಿಕೊಂಡರೆ ಹೇಗೆ ಅಂತ ಕೇಳಿದ್ದೀರಿ. ಓದುವಾಗ 24ನೇ ವಯಸ್ಸಿನ ನಾನೇ ಎದುರಿಗೆ ಬಂದು ನಿಂತ ಹಾಗಾಯಿತು. ಸರಳೊಂದನ್ನು ಬಿಟ್ಟರೆ ಅದೇ ಹಲಗೆ, ಅದೇ ಹುಚ್ಚು.

ನಮ್ಮ ಮನೆ ವಿರಾಜಪೇಟೆ ಹತ್ತಿರ. ಅಪ್ಪ ಮರಗೆಲಸದವರು. ಏಪ್ರಿಲ್ ಬಂತೆಂದರೆ ನಮ್ಮ ಜಗುಲಿಯ ಮೂಲೆಯಲ್ಲಿ ಮುರಿದ ಹಾಕಿ ಸ್ಟಿಕ್‌ಗಳ ರಾಶಿ ಬೀಳುತ್ತಿತ್ತು. ಕೊಡವ ಕುಟುಂಬಗಳ ಹಾಕಿ ಹಬ್ಬದ ಸಮಯ ಅದೇ ಅಲ್ವಾ? 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಮುಟ್ಟಿತು. ಒಂದೊಂದು ತಂಡಕ್ಕೂ ಸ್ಟಿಕ್ ಬೇಕು. ಐವತ್ತು ದಾಟಿದ ಮಾವಂದಿರು, ಬೆಂಗಳೂರಿನಿಂದ ರಜೆ ಹಾಕಿ ಬಂದ ಹುಡುಗರು, ಹೆಣ್ಣುಮಕ್ಕಳು, ಎಲ್ಲರೂ ಅಟ್ಟದಿಂದ ಹಳೇ ಸ್ಟಿಕ್ ಇಳಿಸುತ್ತಾರೆ. ಮೊದಲ ದಿನದ ಪ್ರಾಕ್ಟೀಸ್‌ನಲ್ಲೇ ಅರ್ಧ ಮುರಿಯುತ್ತವೆ. ಅಪ್ಪ ಅವನ್ನು ಅಂಟಿಸಿ, ದಾರ ಸುತ್ತಿ ಕೊಡುತ್ತಿದ್ದರು. ದುಡ್ಡು ಕೇಳಿದ್ದು ಕಡಿಮೆ. ಕಾಫಿ ಪುಡಿಯೋ ಒಂದು ಬಾಟಲಿ ಜೇನೋ ಮನೆಗೆ ಬರುತ್ತಿತ್ತು.

ಆ ವರ್ಷ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದ ಗೆಳೆಯನ ಸ್ಟಿಕ್ ಪಂದ್ಯಕ್ಕೆ ಎರಡು ವಾರ ಇರುವಾಗ ಹೋಯಿತು. ಅಪ್ಪ ಸಿದ್ದಾಪುರದ ಕಡೆ ಒಂದು ಮನೆ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ, "ಬಿಡೋ, ನಾನೇ ಒಂದು ಮಾಡಿಕೊಡ್ತೀನಿ, ಜನ್ಮಕ್ಕೆ ಮುರಿಯಲ್ಲ" ಅಂದೆ.

ಮನೆಯಲ್ಲಿ ಒಂದು ಬೀಟೆ ಹಲಗೆ ಇತ್ತು. ಅಜ್ಜನ ಕಾಲದ ಮನೆ ಬಿಚ್ಚಿದಾಗ ಸಿಕ್ಕಿದ್ದು. ನಾಲ್ಕಡಿ ಉದ್ದ, ಒಂದೂವರೆ ಇಂಚು ದಪ್ಪ. ತೋಪಡ ಹೊಡೆದರೆ ಕಪ್ಪು ನೇರಳೆ ಬಣ್ಣದ ಗೆರೆಗಳು. ಅಕ್ಕನ ಮದುವೆಗೆ ಪೆಟ್ಟಿಗೆ ಮಾಡಬೇಕು ಅಂತ ಅಪ್ಪ ಎತ್ತಿಟ್ಟಿದ್ದರು. ಬೀಟೆಗಿಂತ ಗಟ್ಟಿ ಮರ ಇನ್ನೇನಿದೆ ಅಂತ ನನ್ನ ಲೆಕ್ಕ.

ಮಾಡಿದ್ದು ಇಷ್ಟೇ. ಹಳೇ ಸ್ಟಿಕ್ ಒಂದನ್ನು ಹಲಗೆ ಮೇಲೆ ಮಲಗಿಸಿ ಪೆನ್ಸಿಲ್‌ನಿಂದ ಸುತ್ತ ಗೀಟು ಎಳೆದೆ. ಜಿಗ್‌ಸಾ ಹಿಡಿದು ಗೀಟಿನ ಮೇಲೆ ಕೊಯ್ದೆ. ಅರದಿಂದ ಉಜ್ಜಿ ಬೆನ್ನನ್ನು ಗುಂಡಗೆ ಮಾಡಿದೆ, ಮುಖವನ್ನು ಚಪ್ಪಟೆ ಬಿಟ್ಟೆ. ಉಪ್ಪುಕಾಗದ, ನಾಲ್ಕು ಕೋಟು ವಾರ್ನಿಷ್. ನೋಡಿದವರೆಲ್ಲ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅಂಗಡಿಯ ತಕ್ಕಡಿಯಲ್ಲಿಟ್ಟಾಗ 780 ಗ್ರಾಂ ಬಂತು. ನಿಯಮದ ಪ್ರಕಾರ 737 ಗ್ರಾಂ ದಾಟುವ ಹಾಗಿಲ್ಲ. ಊರಿನ ಪಂದ್ಯದಲ್ಲಿ ಯಾರು ತೂಗುತ್ತಾರೆ ಅಂತ ಸುಮ್ನಾದೆ.

ಪಂದ್ಯದ ದಿನ ದ್ವಿತೀಯಾರ್ಧದವರೆಗೆ ಏನೂ ಆಗಲಿಲ್ಲ. ಸ್ಕೋರು 1-1. ಗೆಳೆಯನ ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೆಳೆಯ ಎತ್ತಿ ಹೊಡೆದ. ಟಕ್ ಅಂತ ಒಣ ಸದ್ದು. ಚೆಂಡು ನಾಲ್ಕು ಹೆಜ್ಜೆ ಉರುಳಿ ನಿಂತಿತು, ಸ್ಟಿಕ್‌ನ ಮೂತಿ, ಅಂದರೆ ಕೊಕ್ಕೆಯ ತುದಿ, ಗೋಲ್‌ಕೀಪರ್ ಕಡೆ ಹಾರಿಹೋಯಿತು. ಗೋಲ್‌ಕೀಪರ್ ಅದನ್ನೇ ಕಾಲಿನಲ್ಲಿ ತಡೆದ. ಮೈಕಿನವರು ಏನೋ ಅಂದರು, ಮೈದಾನವೆಲ್ಲ ನಕ್ಕಿತು. ಆ ಗದ್ದಲದಲ್ಲಿ ಎದುರಿನವರು ಚೆಂಡು ತೆಗೆದುಕೊಂಡು ಹೋಗಿ ಗೋಲು ಹಾಕಿದರು. 2-1. ಗೆಳೆಯನ ದೊಡ್ಡಪ್ಪ ಮೂರು ವರ್ಷ ನನ್ನನ್ನು ಕಂಡಾಗಲೆಲ್ಲ, "ಏನು ಇಂಜಿನಿಯರೇ, ಮೂತಿ ಸಿಕ್ಕಿತಾ?" ಅಂತ ಕೇಳುತ್ತಿದ್ದರು.

ಈಗ ತಪ್ಪು ಎಲ್ಲಿ ಅನ್ನೋದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ. ನೀವು ಹಲಗೆಗೆ ಗರಗಸ ಇಡುವ ಮೊದಲು ಇದೊಂದು ತಲೆಗೆ ಹೋಗಬೇಕು.

ಮರ ಅಂದರೆ ತೆಂಗಿನ ಕಡ್ಡಿಯ ಪೊರಕೆ ಅಂದುಕೊಳ್ಳಿ. ಬುಡದಿಂದ ಮೇಲಕ್ಕೆ ಸಾವಿರಾರು ಸಣ್ಣ ಎಳೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಪೊರಕೆಯನ್ನು ಅಡ್ಡಕ್ಕೆ ಮುರಿಯಲು ಹೋಗಿ, ಕೈ ಸೋಲುತ್ತದೆ. ಒಂದೊಂದೇ ಕಡ್ಡಿ ಬಿಡಿಸಿ, ಮಗುವೂ ಬಿಡಿಸುತ್ತದೆ. ಸೌದೆ ಸೀಳುವಾಗ ಕೊಡಲಿಯನ್ನು ಎಳೆಯ ಉದ್ದಕ್ಕೇ ಹಾಕುತ್ತೇವಲ್ಲ, ಅದೇ ವಿಷಯ. ಬೀಟೆಯಾಗಲಿ ತೇಗವಾಗಲಿ ಎಳೆಯ ಉದ್ದಕ್ಕೆ ಇರುವ ಬಲದ ಹತ್ತರಲ್ಲೊಂದು ಪಾಲೂ ಅಡ್ಡಕ್ಕೆ ಇರುವುದಿಲ್ಲ.

ನನ್ನ ಸ್ಟಿಕ್‌ನ ಹಿಡಿಯಲ್ಲಿ ಎಳೆ ಉದ್ದಕ್ಕೇ ಓಡಿತ್ತು, ಅಲ್ಲಿ ತೊಂದರೆ ಇಲ್ಲ. ಕೊಕ್ಕೆಯ ಹತ್ತಿರ ಸ್ಟಿಕ್ ತಿರುಗಿತು, ಎಳೆ ತಿರುಗಲಿಲ್ಲ. ಅದು ತನ್ನ ಪಾಡಿಗೆ ನೆಟ್ಟಗೆ ಹೋಗಿ ಕೆಳಗಿನ ಅಂಚಿನಲ್ಲಿ ಮುಗಿದುಹೋಯಿತು. ಮೂತಿಯಲ್ಲಿ ಉಳಿದದ್ದು ಅಡ್ಡಡ್ಡ ಬಿದ್ದ ಎರಡೆರಡು ಇಂಚಿನ ಗಿಡ್ಡ ಎಳೆಗಳು. ಅಲ್ಲಿಂದ ಹಿಡಿಯವರೆಗೆ ಹೋಗುವ ಒಂದೇ ಒಂದು ಎಳೆ ಇಲ್ಲ. 160 ಗ್ರಾಂ ತೂಗುವ ಗಟ್ಟಿ ಚೆಂಡು ಬಂದು ಬಡಿಯುವುದು ಸರಿಯಾಗಿ ಅಲ್ಲಿಗೇ.

ಅಪ್ಪ ಊರಿಗೆ ಬಂದವರು ಬೈಯಲಿಲ್ಲ. ಮುರಿದ ಸ್ಟಿಕ್ ಅನ್ನು ಬೆಂಚಿನ ಮೇಲಿಟ್ಟು, ಉಳಿದ ಕೊಕ್ಕೆಯ ಮೇಲೆ ಎಳೆ ನೋಡಿ ಉಳಿ ನಿಲ್ಲಿಸಿದರು. ಸುತ್ತಿಗೆಯಿಂದ ಸುಮ್ನೆ ಒಂದು ತಟ್ಟು. ಬ್ರೆಡ್ಡಿನ ಹೋಳಿನ ಹಾಗೆ ಒಂದು ಚೂರು ಬಿತ್ತು. ಇನ್ನೊಂದು ತಟ್ಟು, ಇನ್ನೊಂದು ಹೋಳು. ಐದಾರು ಹೋಳು ಸಾಲಾಗಿ ಇಟ್ಟು, "ಇದರಲ್ಲಿ ಪೆಟ್ಟಿಗೆ ಆಗ್ತಿತ್ತು" ಅಂದರು. ಅಷ್ಟೇ. ಆ ಅಳತೆಯ ಬೀಟೆ ಹಲಗೆ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಅಕ್ಕನ ಮದುವೆಗೆ ಕಬ್ಬಿಣದ ಅಲ್ಮೇರಾ ಕೊಟ್ಟೆವು.

ನನಗೆ ಹೆಚ್ಚು ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಚಿಕ್ಕವನಿದ್ದಾಗ ಇದು ನನಗೆ ಗೊತ್ತಿತ್ತು! ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದಾಗ, ಬಿದ್ದ ಕೊಂಬೆಗಳಲ್ಲಿ ತಾನಾಗಿ ಬಾಗಿದ್ದನ್ನೇ ಹುಡುಕಿ ಕಡಿದುಕೊಂಡು, ಉದುರಿದ ಹಸಿ ಕಿತ್ತಳೆಯನ್ನು ಚೆಂಡು ಮಾಡಿ ಆಡುತ್ತಿದ್ದೆವು. ಆ ಕೋಲುಗಳು ಒಂದು ಬೇಸಿಗೆ ಪೂರ್ತಿ ಬಾಳುತ್ತಿದ್ದವು. ಕೊಂಬೆ ಬಾಗುತ್ತಲೇ ಬೆಳೆದದ್ದರಿಂದ ಎಳೆಯೂ ಅದರ ಜೊತೆಗೇ ಬಾಗಿರುತ್ತದೆ. ಕೈಗೆ ಜಿಗ್‌ಸಾ ಬಂದ ಮೇಲೆ ಮರೆತುಹೋಯಿತು.

ಆಮೇಲೆ ಹಟ ಹಿಡಿಯಿತು. ಜಗುಲಿಯ ರಾಶಿಯಿಂದ ಒಂದು ಹಳೇ ಕಂಪನಿ ಸ್ಟಿಕ್ ತೆಗೆದು ಉದ್ದಕ್ಕೆ ಸೀಳಿದೆ. ಒಳಗೆ ನೋಡಿದರೆ ಹಿಡಿ ಒಂದೇ ಮರವಲ್ಲ. ಬೆತ್ತದ ಪಟ್ಟಿಗಳನ್ನು ಅಂಟಿಸಿ, ನಡುವೆ ತೆಳ್ಳಗೆ ರಬ್ಬರ್ ಕೂರಿಸಿದ್ದರು. ಹೊಡೆತದ ಅದುರು ಮೊಣಕೈಗೆ ಬರದ ಹಾಗೆ ತಡೆಯುವುದು ಅದೇ. ನನ್ನ ಬೀಟೆ ಸ್ಟಿಕ್‌ನಲ್ಲಿ ಹೊಡೆದಾಗಲೆಲ್ಲ ಗೆಳೆಯ ಕೈ ಒದರುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಹಿಡಿಯ ಕೆಳತುದಿ ಉದ್ದನೆಯ ಬೆಣೆಯಾಗಿ ತಲೆಯೊಳಗೆ ಇಳಿದಿತ್ತು. ತಲೆ ಹಿಪ್ಪುನೇರಳೆ ಮರದ್ದು, ಕೊಯ್ದದ್ದಲ್ಲ, ಬಗ್ಗಿಸಿದ್ದು. ಎಳೆಗಳು ಹಿಡಿಯ ಕಡೆಯಿಂದ ಇಳಿದು ಕೊಕ್ಕೆಯಲ್ಲಿ ತಿರುಗಿ ಮೂತಿಯ ತನಕ ಒಂದೇ ಓಟ.

ಜಲಂಧರ್, ಮೀರತ್‌ನ ಕಾರ್ಖಾನೆಗಳು ಹಿಪ್ಪುನೇರಳೆಯನ್ನು ಹಿಡಿದುಕೊಂಡದ್ದಕ್ಕೆ ಕಾರಣವಿದೆ. ಹಿಂದೆ ಇಂಗ್ಲೆಂಡಿನವರು ಆಶ್ ಮರದಲ್ಲಿ ಉದ್ದ ಮೂತಿಯ ಸ್ಟಿಕ್ ಮಾಡುತ್ತಿದ್ದರು. ಸ್ಟಿಕ್ ಅನ್ನು ಮಗುಚಿ ಚೆಂಡನ್ನು ಎಡಕ್ಕೂ ಬಲಕ್ಕೂ ಎಳೆಯುವ ನಮ್ಮವರ ಆಟಕ್ಕೆ ಗಿಡ್ಡ ಮೂತಿ ಬೇಕು. ಅಷ್ಟು ಬಿಗಿಯಾಗಿ ಬಗ್ಗಿಸಿದರೂ ಸೀಳದ ಮರ ಹಿಪ್ಪುನೇರಳೆ. ಬೀಟೆಯಷ್ಟು ಗಟ್ಟಿಯಲ್ಲ, ಆದರೆ ಬಗ್ಗುತ್ತದೆ, ಹಗುರ. ರೇಷ್ಮೆಗೆ ಬೆಳೆಸುವ ಸೊಪ್ಪಿನ ಗಿಡ ಇದಕ್ಕಾಗಲ್ಲ, ಕತ್ತರಿಸಿ ಕತ್ತರಿಸಿ ಪೊದೆಯಾಗಿರುತ್ತದೆ. ನನಗೆ ಪಿರಿಯಾಪಟ್ಟಣದ ಕಡೆ ಬದುವಿನ ಮೇಲೆ ಬೆಳೆದಿದ್ದ ಹಳೇ ಮರದ ತುಂಡು ಸಿಕ್ಕಿತು, ತೊಡೆ ಗಾತ್ರದ್ದು. ಒಂದು ವರ್ಷ ಅಡುಗೆಮನೆಯ ಅಟ್ಟದಲ್ಲಿ ಒಣಗಿಸಿದೆ. ನಮ್ಮ ಮಳೆಗಾಲದಲ್ಲಿ ಹೊರಗೆ ಇಟ್ಟ ಮರಕ್ಕೆ ಅಣಬೆ ಏಳುತ್ತದೆ.

ಬಗ್ಗಿಸುವ ಕತೆ ಇನ್ನೊಂದು. ಆವಿ ಕೊಡಲು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುವ ಪಾತ್ರೆಗೆ ಪಿವಿಸಿ ಪೈಪು ಜೋಡಿಸಿದೆ. ಅರ್ಧ ಗಂಟೆಗೆ ಮರಕ್ಕಿಂತ ಮೊದಲು ಪೈಪೇ ಮೆತ್ತಗಾಗಿ ನೆಲಕ್ಕೆ ಬಾಗಿತು. ಅವ್ವ ಆ ಪಾತ್ರೆಯನ್ನು ಮತ್ತೆ ಮುಟ್ಟಲು ಬಿಡಲಿಲ್ಲ. ಆಮೇಲೆ ಹಲಗೆಯದೇ ಉದ್ದ ಪೆಟ್ಟಿಗೆ ಮಾಡಿ, ಹಂಡೆಯಿಂದ ಆವಿ ಬಿಟ್ಟೆ. ಒಂದಿಂಚು ದಪ್ಪಕ್ಕೆ ಒಂದು ಗಂಟೆ ಆವಿ ಅಂತ ಲೆಕ್ಕ. ಇಡೀ ತುಂಡನ್ನು ಬಗ್ಗಿಸಲು ಹೋದಾಗ ಹೊರಮೈ ಸೀಳಿತು. ಎರಡು ತುಂಡು ಹಾಳಾದ ಮೇಲೆ ಬುದ್ಧಿ ಬಂತು. ಮೂರು ಮಿಲಿಮೀಟರಿನ ಪಟ್ಟಿಗಳಾಗಿ ಸೀಳಿಕೊಂಡು, ಕಾಲು ಗಂಟೆ ಆವಿ ಕೊಟ್ಟು, ಪೆಟ್ಟಿಗೆಯಿಂದ ತೆಗೆದ ತಕ್ಷಣ ಅಚ್ಚಿಗೆ ಒತ್ತಿ ಕ್ಲಾಂಪ್ ಬಿಗಿಯಬೇಕು. ಅರ್ಧ ನಿಮಿಷ ತಡವಾದರೂ ಮರ ಮತ್ತೆ ಸೆಟೆದುಕೊಳ್ಳುತ್ತದೆ. ಅಚ್ಚನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಾಗಿಸಿ ಮಾಡಿ, ಬಿಟ್ಟಾಗ ಅದು ಹಿಂದಕ್ಕೆ ಬರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಮೊದಲ ಸಲ ಮಾಮೂಲಿ ಬಿಳಿ ಫೆವಿಕಾಲ್ ಹಾಕಿದ್ದೆ. ಜೂನ್‌ನ ಒದ್ದೆ ಹುಲ್ಲಿನಲ್ಲಿ ಎರಡು ದಿನ ಆಡಿದ್ದಕ್ಕೆ ಪಟ್ಟಿಗಳು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಂಡವು. ಎಪಾಕ್ಸಿ ಹಾಕಿ, ಒಂದು ಇಡೀ ದಿನ ಕ್ಲಾಂಪ್ ಮುಟ್ಟಬೇಡಿ.

ಹಿಡಿಯನ್ನು ನಾನು ಇವತ್ತಿಗೂ ಮಾಡಿಲ್ಲ. ಮೂತಿ ಹೋದ ಹಳೇ ಸ್ಟಿಕ್‌ನ ಬೆತ್ತದ ಹಿಡಿಯನ್ನೇ ಬಿಡಿಸಿ ಹೊಸ ತಲೆಗೆ ಬೆಣೆ ಕೂರಿಸುತ್ತೇನೆ. ಜೋಡಣೆ ಗಿಡ್ಡವಾದರೆ ಅಲ್ಲೇ ಮುರಿಯುತ್ತದೆ. ಕಡಿಮೆ ಅಂದರೂ ಒಂದು ಗೇಣು ಇಳಿಯಬೇಕು. ಮೇಲೆ ಫೈಬರ್ ಬಟ್ಟೆ ಒಂದು ಸುತ್ತು, ರೆಸಿನ್. ಹೀಗೆ ಮಾಡಿದ ಐದನೇ ಸ್ಟಿಕ್ 590 ಗ್ರಾಂ ಬಂತು. ಅದೇ ಗೆಳೆಯ ಮೂರು ಸೀಸನ್ ಆಡಿದ. ಅವನ ದೊಡ್ಡಪ್ಪನೂ ಕೇಳುವುದನ್ನು ನಿಲ್ಲಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಅದು ಶುರುವಿನಲ್ಲೇ ದಾರಿ ತಪ್ಪಿದೆ. ಸ್ಟಿಕ್ ಮುರಿಯಿತು, ಹಾಗಾಗಿ ಇನ್ನೂ ಗಟ್ಟಿ ಮರ ಬೇಕು ಅಂತ ನೀವು ಅಂದುಕೊಂಡಿದ್ದೀರಿ. ಎಲ್ಲಿ ಮುರಿಯಿತು ಅಂತ ಬರೆದೇ ಇಲ್ಲವಲ್ಲ! ಹಿಡಿ ಮತ್ತು ತಲೆ ಸೇರುವಲ್ಲಿ ಬಿಟ್ಟಿದ್ದರೆ ಅಂಟಿನ ದೋಷ. ಮೂತಿ ಸೀಳಿದ್ದರೆ ಎಳೆಯದ್ದು, ಇಲ್ಲವೇ ಒದ್ದೆಯಾಗಿ ಒಣಗಿ ಬಿರುಕು ಬಿಟ್ಟದ್ದು. ಒದ್ದೆ ಸ್ಟಿಕ್ ಅನ್ನು ಒಲೆ ಪಕ್ಕ ಒರಗಿಸುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ, ನಿಮಗೂ ಇದ್ದರೆ ಬಿಡಿ. ನಡುಭಾಗದಲ್ಲಿ ಮುರಿದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನೀವು ಎದುರಿನವನ ಸ್ಟಿಕ್‌ಗೆ ಹೊಡೆಯುತ್ತಿದ್ದೀರಿ.

ಕಬ್ಬಿಣದ ಸರಳು ಬೇಡವೇ ಬೇಡ. ಸ್ಟಿಕ್‌ನಲ್ಲಿ ಲೋಹ ಇರಲೇಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ, ಒಂದು ಮೊಳೆ ಕೂಡ ಸೇರಿ. ನಿಯಮ ಇಲ್ಲದಿದ್ದರೂ ಬೇಡ ಅನ್ನುತ್ತಿದ್ದೆ. ಮರ ಮುರಿದು ಸರಳಿನ ತುದಿ ಹೊರಗೆ ಬಂದರೆ ಯಾರ ಕಣಕಾಲು ಹೋಗುತ್ತದೋ ಹೇಳಲಾಗುವುದಿಲ್ಲ.

ಪಂದ್ಯಕ್ಕಾದರೆ ಅಂಗಡಿಯಿಂದ ಕಾಂಪೋಸಿಟ್ ಸ್ಟಿಕ್, ಅಂದರೆ ಮರದ ಬದಲು ಫೈಬರ್ ಮತ್ತು ರೆಸಿನ್‌ನಿಂದ ಮಾಡಿದ್ದು, ತೆಗೆದುಕೊಳ್ಳಿ. ಮರದ ಸ್ಟಿಕ್ ಮಾಡುವವನೇ ಹೀಗೆ ಹೇಳುತ್ತಿದ್ದೇನೆ ಅಂತ ನಗಬೇಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಕೃತಕ ಹುಲ್ಲು ಬಂದ ಮೇಲೆ ಆಟದ ವೇಗವೇ ಬೇರೆಯಾಯಿತು, ಪೊನ್ನಂಪೇಟೆಯ ಟರ್ಫಿನಲ್ಲಿ ಆಡುವ ಮಕ್ಕಳ ಕೈಯಲ್ಲಿ ಈಗ ಮರ ಕಾಣುವುದೇ ಅಪರೂಪ. ಮರದ್ದು ಹುಲ್ಲು ಮೈದಾನಕ್ಕೆ, ಪ್ರಾಕ್ಟೀಸ್‌ಗೆ, ಮತ್ತೆ ಮಾಡುವ ಖುಷಿಗೆ. ಆ ಖುಷಿ ಬೇಕಿದ್ದರೆ ಖಂಡಿತ ಮಾಡಿ. ಮೊದಲ ನಾಲ್ಕು ಸ್ಟಿಕ್ ಸೌದೆ ಅಂತ ಈಗಲೇ ಲೆಕ್ಕ ಹಾಕಿಕೊಳ್ಳಿ.

ಬೀಟೆ ಹಲಗೆಯನ್ನು ಮಾತ್ರ ಮುಟ್ಟಬೇಡಿ. ಮುರಿದ ಎರಡೂ ಸ್ಟಿಕ್‌ಗಳ ಫೋಟೋ ಇಲ್ಲಿ ಹಾಕಿ, ಮುರಿದ ಜಾಗ ಹತ್ತಿರದಿಂದ ಕಾಣಬೇಕು. ಹಿಡಿಗಳು ಚೆನ್ನಾಗಿದ್ದರೆ ಬಿಸಾಡಬೇಡಿ, ಹೊಸ ತಲೆ ಕೂರಿಸಬಹುದು. ಹಿಪ್ಪುನೇರಳೆ ಪಟ್ಟಿ ನನ್ನ ಅಟ್ಟದಲ್ಲಿ ಇನ್ನೂ ಸ್ವಲ್ಪ ಉಳಿದಿದೆ.