ಅಚ್ಚಾಗದ ನಾಟಕವನ್ನು ತಂಡಕ್ಕೆ ಕೊಡುವ ಮೊದಲು

ಅಕ್ಕನ ಮದುವೆ ಆಗಿಲ್ಲವೆಂದು ತನ್ನ ಪ್ರೀತಿಯನ್ನು ಮುಚ್ಚಿಡುವ ತಮ್ಮನ ನಾಟಕ ಬರೆದಿದ್ದೀರಿ. ಅಚ್ಚಾಗುವ ಮೊದಲೇ ತಂಡಕ್ಕೆ ಕೊಟ್ಟರೆ ಹಕ್ಕು ಹೋಗುತ್ತಾ ಎಂದು ಕೇಳಿದ್ದೀರಿ. ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕೂಡಲೇ ಹಕ್ಕು ನಿಮ್ಮದು. ಅಚ್ಚಾಗಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ ರಕ್ಷಣೆ ಇರುವುದು ನೀವು ಬರೆದ ದೃಶ್ಯ, ಮಾತುಗಳಿಗೆ. ಅಕ್ಕ-ತಮ್ಮನ ಕಥೆ ಎಂಬ ಬರೀ ಯೋಚನೆಗೆ ಇಲ್ಲ. ಅದಕ್ಕೇ ಪ್ರತಿಯನ್ನು ಇಮೇಲ್‌ನಲ್ಲಿ ಕಳಿಸಿ, ದಿನಾಂಕ ಉಳಿಯುತ್ತದೆ. ಎಷ್ಟು ಪ್ರದರ್ಶನ, ಮಾತು ತಿದ್ದಬಹುದಾ ಎಂಬುದು ಬರವಣಿಗೆಯಲ್ಲೇ ಇರಲಿ. ಬಾಯಿಮಾತು ಸಾಲದು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪುಸ್ತಕಕ್ಕಿಂತ ಮೊದಲು ನಟರಿಂದ ಜೋರಾಗಿ ಓದಿಸಿ. ನಿಮ್ಮ ಸಾರಾಂಶದಲ್ಲಿ ಅಕ್ಕನ ತ್ಯಾಗವೇ ಜಾಸ್ತಿ. ಅವಳಿಗೆ ನಿಜವಾಗಿ ಮದುವೆ ಬೇಕಾ, ಬೇಡವಾ? ಅದನ್ನು ಅವಳೇ ತಮ್ಮನಿಗೆ ಹೇಳುವ ಒಂದು ದೃಶ್ಯ ಖಂಡಿತ ಬೇಕು.