ಬೇಡದ ಕಾಗದ ಮನೆ ಬಾಗಿಲಿಗೆ ಬರುವ ಮೊದಲೇ ನಿಲ್ಲಬೇಕು

ಓದುಗರ ಪತ್ರ: ಮೈಸೂರಿನ ಕುವೆಂಪುನಗರದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಬೆಳಿಗ್ಗೆ ದಿನಪತ್ರಿಕೆ ಬಿಡಿಸಿದರೆ ಒಳಗಿಂದ ಪಾಂಪ್ಲೆಟ್‌ಗಳು ಉದುರುತ್ತವೆ. ಗೇಟಿನ ಡಬ್ಬಿಯಲ್ಲಿ ಸೈಟು, ಸಾಲ, ಟ್ಯೂಷನ್ ಜಾಹೀರಾತುಗಳು ತುಂಬಿರುತ್ತವೆ. ತೀರಿಕೊಂಡ ಪತಿಯ ಹೆಸರಿಗೆ ಕಂಪನಿಗಳ ಲಕೋಟೆಗಳು ಇನ್ನೂ ಬರುತ್ತಲೇ ಇವೆ. “ಎಲ್ಲವನ್ನೂ ಒಟ್ಟು ಮಾಡಿ ಹಳೇ ಪೇಪರ್ ಅಂಗಡಿಗೆ ಕೊಡುತ್ತೇನೆ. ಅಷ್ಟು ಮಾಡಿದರೆ ಸಾಕಾ? ಇವು ಬರದ ಹಾಗೆ ಮಾಡಲು ಆಗುವುದಿಲ್ಲವೇ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ. ಹಳೇ ಪೇಪರ್ ಅಂಗಡಿಗೆ ಕೊಡುತ್ತಿದ್ದೀರಿ, ಒಳ್ಳೆಯದು, ಬಿಡಬೇಡಿ. ಆದರೆ ಅಷ್ಟೇ ಸಾಕಾಗುವುದಿಲ್ಲ.

ಕಾಗದದ ನಾರು ಪ್ರತಿ ಸಲ ಅರೆದಾಗಲೂ ಗಿಡ್ಡವಾಗುತ್ತದೆ. ಐದಾರು ಸುತ್ತು ಆಗುವಷ್ಟರಲ್ಲಿ ಅದರಲ್ಲಿ ಬಲ ಉಳಿಯುವುದಿಲ್ಲ. ಇನ್ನು ಮಿರಿಮಿರಿ ಮಿಂಚುವ ಪಾಂಪ್ಲೆಟ್ ಪೂರ್ತಿ ನಾರಲ್ಲ. ಆ ಹೊಳಪು ಬರುವುದು ಮೇಲೆ ಬಳಿದ ಬಿಳಿ ಜೇಡಿ ಮತ್ತು ಸುಣ್ಣದ ಪುಡಿಯಿಂದ. ಗಿರಣಿಯಲ್ಲಿ ನೆನೆಸಿ ಅರೆದಾಗ ಅದು ಬೇರೆಯಾಗಿ ಕೆಸರಾಗಿ ಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರಂತೂ ಅದನ್ನು ಅರೆಯುವುದೇ ಕಷ್ಟ. ಕಿಟಕಿ ಇರುವ ಕವರಿನ ಪಾರದರ್ಶಕ ಹಾಳೆಯೂ ಹೆಚ್ಚಾಗಿ ಪ್ಲಾಸ್ಟಿಕ್ಕೇ. ಅದನ್ನು ಹರಿದು ಬೇರೆ ಹಾಕಿ. ಕಸ ವಿಂಗಡಿಸುವ ಕಡೆ ಇದನ್ನೆಲ್ಲ ಯಾರೋ ಕೈಯಲ್ಲೇ ಬಿಡಿಸಬೇಕು. ಅವರಿಗೆ ಅಷ್ಟು ಕೆಲಸ ಕಡಿಮೆಯಾಗುತ್ತದೆ.

ತೂಕದ ಲೆಕ್ಕವನ್ನೂ ನೋಡೋಣ. ಮಾಮೂಲಿ ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಅದೇ ಅಳತೆಯ 130 ಜಿಎಸ್‌ಎಂನ (ಚದರ ಮೀಟರಿಗೆ 130 ಗ್ರಾಂ ತೂಗುವ) ಹೊಳಪು ಹಾಳೆಯಾದರೆ ಸುಮಾರು 8 ಗ್ರಾಂ. ಒಂದು ಅಂಗಡಿಯವರು 50,000 ಮನೆಗೆ ಒಂದೊಂದು ಹಂಚಿದರೆ 400 ಕಿಲೋ ಕಾಗದ ಆಯಿತು. ಅದು ಒಂದೇ ಬೆಳಿಗ್ಗೆ, ಒಂದೇ ಅಂಗಡಿಯದು.

ಆ ಕಾಗದ ಎಲ್ಲಿಂದ ಬರುತ್ತದೆ ಎಂದು ಮಲೆನಾಡಿನವರನ್ನು ಕೇಳಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು, ಅದನ್ನು ಮರೆಯಬಾರದು. ಆದರೆ ಅದರ ತಿರುಳಿಗಾಗಿ 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಅಲ್ಲಿ ಅಕೇಶಿಯಾ, ನೀಲಗಿರಿ ಬೆಳೆದವು. ಕಾರ್ಖಾನೆಯ ಯಂತ್ರಗಳು ನಿಂತವು, ತೋಪುಗಳು ಉಳಿದವು. 2020ರಲ್ಲಿ ಗುತ್ತಿಗೆ ಮುಗಿದಾಗ ಸರ್ಕಾರ ಅದನ್ನು ಮುಂದುವರಿಸಲು ಹೊರಟಿತು. ಶಿವಮೊಗ್ಗ ಜಿಲ್ಲೆಯ ಜನ, ಅಕೇಶಿಯಾ ಬೇಡ, ನಮ್ಮ ಕಾಡು ನಮಗೆ ಬೇಕು ಎಂದು ಬೀದಿಗಿಳಿದರು. ಮಕ್ಕಳ ಪಠ್ಯಪುಸ್ತಕಕ್ಕೆ ಮರ ಕಡಿದರೆ ನಾನು ಒಪ್ಪಿಕೊಂಡೇನು. ಯಾರೂ ಓದದೆ ಬುಟ್ಟಿಗೆ ಹಾಕುವ ಹಾಳೆಗೆ ಕಡಿಯುವುದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯ. ಬರದ ಹಾಗೆ ಮಾಡಬಹುದು. ಆದರೆ ಯಾರಿಗೆ ಬೇಡ ಎನ್ನಬೇಕು ಎಂಬುದು ಗೊತ್ತಿರಬೇಕು.

ಮೊದಲು ದಿನಪತ್ರಿಕೆಯ ಒಳಗಿನದು. ಈ ಬಿಡಿ ಹಾಳೆಗಳನ್ನು ಸಾಮಾನ್ಯವಾಗಿ ಪತ್ರಿಕೆಯ ಕಚೇರಿಯವರು ಹಾಕುವುದಿಲ್ಲ. ಅಂಗಡಿಯವರು ಸ್ಥಳೀಯ ಏಜೆಂಟರಿಗೆ ಸಾವಿರಕ್ಕೆ ಇಷ್ಟು ಎಂದು ದುಡ್ಡು ಕೊಡುತ್ತಾರೆ. ನಸುಕಿನಲ್ಲಿ ಪೇಪರ್ ಕಟ್ಟು ಬಿಚ್ಚುವ ಜಾಗದಲ್ಲೇ ಹುಡುಗರು ಒಳಗೆ ಸೇರಿಸುತ್ತಾರೆ. ಪೇಪರ್ ಹಾಕುವ ಹುಡುಗನಿಗೆ ಬೇಡ ಎಂದು ಹೇಳಿದರೆ ಪಾಪ, ಅವನಾದರೂ ಏನು ಮಾಡಿಯಾನು? ನಿಮ್ಮ ಪ್ರತಿಯಿಂದ ತೆಗೆದು ದಾರಿಯಲ್ಲಿ ಎಲ್ಲೋ ಹಾಕಬೇಕು ಅಷ್ಟೇ. ಅಚ್ಚಾಗಿದ್ದು ಆಗಿಯೇ ಹೋಗಿರುತ್ತದೆ. ಏಜೆಂಟರಿಗೇ ಹೇಳಿ. ನಿಮ್ಮ ಬೀದಿಯ ಹತ್ತಿಪ್ಪತ್ತು ಮನೆಯವರು ಸೇರಿ ಹೇಳಿದರೆ, ಮುಂದಿನ ಸಲ ಅವರು ಅಂಗಡಿಯವರಿಂದ ಅಷ್ಟು ಕಡಿಮೆ ಪ್ರತಿ ತರಿಸಿಕೊಳ್ಳಬಹುದು.

ಇದಕ್ಕಿಂತ ಒಳ್ಳೆಯ ದಾರಿ ಪಾಂಪ್ಲೆಟ್ ಮೇಲೇ ಇದೆ. ಅದರಲ್ಲಿ ಫೋನ್ ನಂಬರ್ ಇರುತ್ತದೆ, ಅಲ್ವಾ? ಆ ನಂಬರಿಗೆ ಫೋನ್ ಮಾಡಿ. “ನಿಮ್ಮ ಜಾಹೀರಾತು ನಮ್ಮ ಬೀದಿಯಲ್ಲಿ ಯಾರೂ ಓದುತ್ತಿಲ್ಲ, ಕಸಕ್ಕೆ ಹೋಗುತ್ತಿದೆ” ಎಂದು ಮರ್ಯಾದೆಯಿಂದ ಹೇಳಿ. ದೊಡ್ಡ ಕಂಪನಿಯ ಕಿವಿಗೆ ಇದು ಬೀಳದಿರಬಹುದು. ಆದರೆ ಬಡಾವಣೆಯ ಟ್ಯೂಷನ್‌ನವರು, ಕ್ಲಿನಿಕ್‌ನವರು, ಹೊಸ ಹೋಟೆಲ್‌ನವರು ಕೇಳಿಸಿಕೊಳ್ಳುತ್ತಾರೆ. ಅಚ್ಚು ಹಾಕಿಸಿದ್ದು ಅವರ ಕೈಯ ದುಡ್ಡು. ಹಾಳಾಗುತ್ತಿದೆ ಎಂದು ಗೊತ್ತಾದರೆ ಅವರೂ ಯೋಚನೆ ಮಾಡುತ್ತಾರೆ.

ಕಂಪನಿಗಳ ವಾರ್ಷಿಕ ವರದಿಯ ಕಥೆಯೇ ಬೇರೆ. ಷೇರುದಾರರಿಗೆ ಇದನ್ನು ಇಮೇಲ್‌ನಲ್ಲಿ ಕಳಿಸಬಹುದು ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2011ರಲ್ಲೇ ಹೇಳಿತು. ಕೋವಿಡ್ ಬಂದ 2020ರಲ್ಲಿ ಅಚ್ಚಾದ ಪ್ರತಿ ಕಳಿಸುವ ಕಡ್ಡಾಯವನ್ನೂ ಸಡಿಲಿಸಿದರು. 2024ರ ಕೊನೆಯಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮವನ್ನೇ ಬದಲಿಸಿತು. ಇಮೇಲ್ ಕೊಡದವರಿಗೆ ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳು ಇಡೀ ವರದಿ ಕಳಿಸಬೇಕಿಲ್ಲ, ವರದಿ ಅಂತರ್ಜಾಲದಲ್ಲಿ ಎಲ್ಲಿದೆ ಎಂದು ತಿಳಿಸುವ ಒಂದು ಪತ್ರ ಸಾಕು. ಮ್ಯೂಚುವಲ್ ಫಂಡ್ ಮತ್ತು ಡಿಮ್ಯಾಟ್ ಖಾತೆಯ (ಷೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರ್ ದಾಖಲೆಯಾಗಿ ಇಡುವ ಖಾತೆ) ಒಟ್ಟು ಲೆಕ್ಕಪಟ್ಟಿಯೂ 2024ರ ಆಗಸ್ಟ್‌ನಿಂದ ಇಮೇಲ್‌ಗೇ ಹೋಗಬೇಕೆಂಬ ನಿಯಮವಿದೆ. ನಿಮ್ಮ ಇಮೇಲ್ ಅವರ ಬಳಿ ಇಲ್ಲದಿದ್ದರೆ ಕಾಗದ ಬರುತ್ತಲೇ ಇರುತ್ತದೆ. ಡಿಮ್ಯಾಟ್ ಖಾತೆ ಇರುವ ಬ್ಯಾಂಕ್ ಅಥವಾ ಬ್ರೋಕರ್ ಹತ್ತಿರ ಇಮೇಲ್ ಸೇರಿಸಿ. ಹಳೆಯ ಕಾಗದದ ಷೇರುಗಳಿದ್ದರೆ ಕಂಪನಿಯ ಪರವಾಗಿ ಷೇರುದಾರರ ದಾಖಲೆ ಇಡುವ ರಿಜಿಸ್ಟ್ರಾರ್‌ಗೆ ಐಎಸ್‌ಆರ್-1 ಎಂಬ ನಮೂನೆ ತುಂಬಿ ಕಳಿಸಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಮೇಲ್ ನೋಡಲು ಬಾರದ ಹಿರಿಯರು ಎಷ್ಟೋ ಜನ ಇದ್ದಾರೆ. ಅವರಿಗೆ ಬ್ಯಾಂಕಿನ ಲೆಕ್ಕ, ವಿಮೆಯ ಪತ್ರ ಕಾಗದದಲ್ಲೇ ಬೇಕು. ಕೇಳಿ ಪಡೆದ ಕಾಗದ ಕಸವಲ್ಲ. ಮರ ಉಳಿಸುತ್ತೇವೆ ಎಂಬ ನೆಪದಲ್ಲಿ ಅಂಥವರ ಕೈಯಿಂದ ಪಾಸ್‌ಬುಕ್ ಕಿತ್ತುಕೊಳ್ಳುವುದು, ಒಂದು ಹಾಳೆಗೆ ಶುಲ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಿಲ್ಲಬೇಕಾದ್ದು ಯಾರೂ ಕೇಳದೆ ಬರುವ ಕಾಗದ.

ಕೇಳದೆ ಬರುವ ಫೋನ್ ಕರೆಗೆ, ಎಸ್‌ಎಂಎಸ್‌ಗೆ ಬೇಡ ಎನ್ನಲು ನಮ್ಮಲ್ಲಿ 1909 ಎಂಬ ನಂಬರ್ ಇದೆ. ಗೇಟಿನ ಡಬ್ಬಿಗೆ ಅಂಥದ್ದು ಇಲ್ಲ. ಅಂಚೆ ಇಲಾಖೆಯೇ ‘ಡೈರೆಕ್ಟ್ ಪೋಸ್ಟ್’ ಎಂಬ ಹೆಸರಿನಲ್ಲಿ ವಿಳಾಸವಿಲ್ಲದ ಜಾಹೀರಾತುಗಳನ್ನು ಹಂಚುವ ಸೇವೆ ಕೊಡುತ್ತದೆ. ಹೆಸರು, ವಿಳಾಸ ಬರೆದು ಬರುವ ಜಾಹೀರಾತಿನ ವಿಷಯದಲ್ಲಿ ಮಾತ್ರ ಸ್ವಲ್ಪ ಆಸೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ, ನಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರ ಈ ವಿಷಯದಲ್ಲಿ ದಿಟ್ಟ ಹೆಜ್ಜೆ ಇಟ್ಟಿತು. ಅಲ್ಲಿ ಮೊದಲು ಜಾಹೀರಾತು ಬೇಡದವರು ಟಪಾಲು ಡಬ್ಬಿಯ ಮೇಲೆ ಬೇಡ ಎಂಬ ಚೀಟಿ ಅಂಟಿಸಬೇಕಿತ್ತು. 2018ರ ಜನವರಿಯಿಂದ ಬೇಕು ಎನ್ನುವವರೇ ಚೀಟಿ ಅಂಟಿಸಬೇಕು. ಚೀಟಿ ಇಲ್ಲದ ಮನೆಗೆ ವಿಳಾಸವಿಲ್ಲದ ಜಾಹೀರಾತು ಹಾಕುವ ಹಾಗಿಲ್ಲ. ಉದ್ಯಮದವರು ಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ನಗರದ ನಿಯಮವನ್ನೇ ಎತ್ತಿಹಿಡಿಯಿತು. ನಮ್ಮ ಪಾಲಿಕೆಗಳೂ ಇದನ್ನು ನೋಡಬೇಕು. ಮನೆಮನೆಯಿಂದ ಕಸ ಎತ್ತುವ ಖರ್ಚು ಪಾಲಿಕೆಯದ್ದು, ಅಂದರೆ ನಮ್ಮೆಲ್ಲರದ್ದು. ಹಂಚುವವರು ಅದಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ನಿಮ್ಮ ವಾರ್ಡಿನಲ್ಲಿ ಈ ಮಾತು ಎತ್ತಿ. ಸದ್ಯಕ್ಕೆ ಗೇಟಿಗೆ “ಜಾಹೀರಾತು ಹಾಕಬೇಡಿ” ಎಂಬ ಬೋರ್ಡು ಹಾಕಿ. ಕಾನೂನಿನ ಬಲ ಇಲ್ಲದಿದ್ದರೂ ಹಂಚುವ ಹುಡುಗರು ಎಷ್ಟೋ ಸಲ ಅದನ್ನು ನೋಡಿ ಮುಂದೆ ಹೋಗುತ್ತಾರೆ.

ಕೊನೆಯದಾಗಿ ನಿಮ್ಮ ಯಜಮಾನರ ಹೆಸರಿಗೆ ಬರುವ ಲಕೋಟೆಗಳು. ಅವನ್ನು ಪ್ರತಿ ಸಲ ಕೈಗೆತ್ತಿಕೊಳ್ಳುವಾಗ ಮನಸ್ಸಿಗೆ ಆಗುವ ನೋವನ್ನು ನೀವು ಎರಡೇ ಸಾಲಿನಲ್ಲಿ ಬರೆದಿದ್ದೀರಿ. ನಮಗೆ ಅರ್ಥವಾಯಿತು. ಬರೀ ಜಾಹೀರಾತಾದರೆ ಒಡೆಯದೆ, ಮೇಲೆ “ವಿಳಾಸದಾರರು ತೀರಿಕೊಂಡಿದ್ದಾರೆ, ಕಳಿಸಿದವರಿಗೆ ಹಿಂತಿರುಗಿಸಿ” ಎಂದು ಬರೆದು ಪೋಸ್ಟ್‌ಮ್ಯಾನ್ ಕೈಗೆ ಕೊಡಿ. ಕಳಿಸಿದವರ ವಿಳಾಸ ಇದ್ದರೆ ವಾಪಸ್ ಹೋಗುತ್ತದೆ. ಆದರೆ ಷೇರು, ಫಂಡ್, ವಿಮೆ, ಬ್ಯಾಂಕಿನ ಲಕೋಟೆಗಳನ್ನು ಹಾಗೆ ವಾಪಸ್ ಕಳಿಸಬೇಡಿ. ಒಡೆದು ನೋಡಿ, ಖಾತೆಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ನಿಮಗೆ ಸೇರಬೇಕಾದ ಹಣದ ಸುಳಿವು ಅದರಲ್ಲೇ ಇರಬಹುದು. ಮರಣ ಪ್ರಮಾಣಪತ್ರದ ಜೊತೆ ಅರ್ಜಿ ಕೊಟ್ಟು ಅವನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಆಗ ಆ ಖಾತೆಗಳ ಹಳೆಯ ಹೆಸರಿನ ಟಪಾಲು ತಾನಾಗಿಯೇ ನಿಲ್ಲುತ್ತದೆ. ಅದೇ ಅರ್ಜಿಯಲ್ಲಿ ನಿಮ್ಮ ಇಮೇಲ್ ಬರೆಯಿರಿ. ಕಾಗದವೇ ಬೇಕು ಎಂದಿದ್ದರೆ ಹಾಗೆಂದೇ ತಿಳಿಸಿ, ಸಂಕೋಚ ಬೇಡ. ನಮೂನೆ ತುಂಬುವಾಗ ಎಲ್ಲಾದರೂ ತೊಡಕಾದರೆ ನಮಗೆ ಮತ್ತೆ ಬರೆಯಿರಿ. ತಿಳಿದವರನ್ನು ಕೇಳಿ ಉತ್ತರ ಕೊಡುತ್ತೇವೆ.